ತುಂಬದ ಉಡಿ

ಇದ್ದಿಲ ಸಿಗಡಿಯನ್ನು ಅಡಿಗೆಮನೆಯಲ್ಲಿಟ್ಟರೆ ಬಾಗಿಲು ಕಾಣುವುದಿಲ್ಲ. ಬಾಗಿಲ ಬಳಿ ಇಟ್ಟರೆ ಶ್ರಾವಣದ ಗಾಳಿಗೆ ಕೆಂಡ ನಿಲ್ಲುವುದಿಲ್ಲ. ಕೊನೆಗೆ ಈರಮ್ಮ ಅದನ್ನು ಎರಡು ಕೋಣೆಗಳ ನಡುವಿನ ಹೊಸ್ತಿಲಿಗೆ ಎಳೆದು ತಂದು, ಗೋಡೆಗೆ ಬೆನ್ನು ಕೊಟ್ಟು ಕೂತಳು. ಈಗ ಎಲ್ಲವೂ ಕಣ್ಣಳತೆಯಲ್ಲಿದ್ದವು. ಎಡಕ್ಕೆ ಹಿತ್ತಲ ಬಾಗಿಲು ಮತ್ತು ಅದರ ಸಡಿಲ ಚಿಲಕ, ಬಲಕ್ಕೆ ಮುಂಬಾಗಿಲು, ಅದರಾಚೆ ಬೇವಿನ ಮರದ ಜೋಕಾಲಿಯಲ್ಲಿ ಮಗಳು ಚನ್ನಿ, ಎದುರಿಗೆ ಚಾಪೆಯ ಮೇಲೆ ಆ ಹೆಂಗಸು. ನಾಡಿದ್ದು ಪಂಚಮಿ. ಬಾಣಲೆಯಲ್ಲಿ ಜೋಳ ಅರಳತೊಡಗಿತ್ತು. ಮೊದಲು ಒಂದು, ಸ್ವಲ್ಪ ತಡೆದು ಇನ್ನೊಂದು, ಆಮೇಲೆ ಒಟ್ಟಿಗೇ ಪಟಪಟನೆ. ಕಾಳು ಸಿಡಿದಾಗಲೆಲ್ಲ ಈರಮ್ಮನ ಹೆಗಲು ಅದುರುತ್ತಿತ್ತು. ಆ ಹೆಂಗಸು ಮಾತ್ರ ಅಲುಗದೆ ಕೂತಿದ್ದಳು. ಇಷ್ಟು ಸದ್ದಿಗೂ ಬೆಚ್ಚದವಳು ಯಾವುದಕ್ಕೆ ಬೆಚ್ಚಿಯಾಳು ಎನಿಸಿ, ಈರಮ್ಮ ಸೌಟು ಹಿಡಿದು ಬೆವರಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅರಳಿ ಕೆಳಗೆ ಬಿದ್ದ ಬಿಳಿ ಅಳ್ಳುಗಳ ಕಡೆ ನೋಡಬಾರದೆಂದುಕೊಂಡಳು. ನೋಡಿದಳು.

ಬೆಳಿಗ್ಗೆ ಅವಳನ್ನು ಕರೆತಂದವನು ಸ್ಟೇಶನ್ನಿನ ಪಾಯಿಂಟ್ಸ್‌ಮನ್ ದೇವದಾಸ. ಹೆಂಗಸನ್ನು ಕಟ್ಟೆಯ ಮೇಲೆ ಕೂರಿಸಿ, ಒಳಗೆ ಬಗ್ಗಿ, ಕೈಯಲ್ಲಿದ್ದ ಹಸಿರು ಬಾವುಟವನ್ನು ಸುತ್ತುತ್ತ ಹೇಳಿದ್ದ: "ವೈನೀ, ಸಾಹೇಬರು ಹೇಳ್ಯಾರ, ಸಂಜಿತನಕಾ ಮನಿಯಾಗ ಇಟಗೋರಿ ಅಂತ." ಆಮೇಲೆ ದನಿ ತಗ್ಗಿಸಿ, "ದೋನ್ ಗಾಡ್ಯಾ ಸೋಡಲ್ಯಾ." ಎರಡು ಗಾಡಿ ಬಿಟ್ಟಳು. ಅಷ್ಟೇ ಸಾಕಾಗಿತ್ತು. ಮನಮಾಡಿನಿಂದ ಔರಂಗಾಬಾದಿಗೆ ಹೋಗುವ ಸಣ್ಣ ಹಳಿಯ ದಾರಿಯಲ್ಲಿ, ಲಾಸೂರಿಗೆ ಈಚೆ, ಹೆಸರಿನ ಹಲಗೆಯೊಂದನ್ನು ಬಿಟ್ಟರೆ ಹೇಳಿಕೊಳ್ಳಲು ಏನೂ ಇಲ್ಲದ ಈ ಸ್ಟೇಶನ್ನಿನಲ್ಲಿ ಪ್ರಯಾಣಿಕನೆಂದರೆ ಮನಮಾಡಿನ ಕಡೆ ಹೋಗಬೇಕು, ಇಲ್ಲವೇ ಔರಂಗಾಬಾದಿನ ಕಡೆ ಹೋಗಬೇಕು. ಆ ಕಡೆಯ ಗಾಡಿಯನ್ನೂ ಈ ಕಡೆಯ ಗಾಡಿಯನ್ನೂ ಬಿಟ್ಟು ಬೆಂಚಿನ ಮೇಲೆ ಕೂತವರು ಪ್ರಯಾಣಿಕರಲ್ಲ. ಯಾವ ಪುಸ್ತಕದಲ್ಲೂ ಬರೆಯದ ಈ ನೇಮವನ್ನು ಎರಡು ವರ್ಷದ ಹಿಂದೆ ಟ್ರಾಫಿಕ್ ಇನ್ಸ್‌ಪೆಕ್ಟರರು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದರು. ಗಂಡಸಾದರೆ ದೇವದಾಸ ಅವನ ಪಕ್ಕದಲ್ಲಿ ಕೂತು ಬೀಡಿ ಕೊಟ್ಟು ಊರು ಕೇಳುತ್ತಾನೆ. ಹೆಂಗಸಾದರೆ, ಸ್ಟೇಶನ್ನಿನಲ್ಲಿ ಹೆಂಗಸರ ಕೋಣೆಯೂ ಇಲ್ಲ, ಹೆಂಗಸು ಪೊಲೀಸೂ ಇಲ್ಲ; ಅಸಿಸ್ಟೆಂಟ್ ಸ್ಟೇಶನ್ ಮಾಸ್ತರರಾದ ವಿಶ್ವನಾಥಪ್ಪನವರ ಮನೆ ಇದೆ, ಮನೆಯಲ್ಲಿ ಅವರ ಹೆಂಡತಿ ಇದ್ದಾಳೆ. ರೈಲ್ವೆಯವರು ನನಗೇನು ಪಗಾರ ಕೊಡುತ್ತಾರೆಯೇ ಎಂದು ಈರಮ್ಮ ಒಮ್ಮೆಯೂ ಕೇಳಿರಲಿಲ್ಲ. ಬೇಡ ಎನ್ನಬೇಕೆಂದು ಮಾತ್ರ ಪ್ರತಿ ಸಲ ಬಾಯಿಯ ತನಕ ಬರುತ್ತಿತ್ತು. ನನ್ನ ಕೈಯಲ್ಲಿ ಕೊಡಬೇಡಿ, ನನ್ನ ಕೈ ಸರಿಯಿಲ್ಲ.

ಹೋದ ವರ್ಷ ಕೂತದ್ದೂ ಇದೇ ಚಾಪೆಯ ಮೇಲೆ. ಶಾಂತಾಬಾಯಿ. ಅವಳು ಇವಳಂತೆ ಸುಮ್ಮನೆ ಕೂತಿರಲಿಲ್ಲ. ಬಂದವಳೇ ಮೊರವನ್ನು ಎಳೆದುಕೊಂಡು ಅಕ್ಕಿ ಆರಿಸಿದ್ದಳು, ಚನ್ನಿಯ ತಲೆ ಬಾಚಿದ್ದಳು, ಎರಡು ರೊಟ್ಟಿ ತಿಂದು ಖಾರ ಚೆನ್ನಾಗಿದೆ ಎಂದಿದ್ದಳು. ಗಂಡನಿಗೆ ಸುದ್ದಿ ಹೋಗಿದೆ, ಬರುತ್ತಾನಂತೆ ಎಂದು ಈರಮ್ಮನೇ ಸಂಭ್ರಮದಿಂದ ಹೇಳಿದಾಗ ಅವಳು ನಕ್ಕಿದ್ದಳು. ಆ ನಗೆಯನ್ನು ನೋಡಿ ಈರಮ್ಮನ ಎದೆ ಹಗುರವಾಗಿತ್ತು. ಎಲ್ಲ ಸರಿಹೋಯಿತು, ಗಂಡನ ಮನೆಗೆ ಹೊರಟ ಮಗಳಲ್ಲವೇ ಇವಳು ಎಂದು ಕರಗಿ, ತಾಯಿ ಕಳಿಸಿದ್ದ ಕುಪ್ಪಸದ ಹಸಿರು ಖಣವನ್ನು ಪೆಟ್ಟಿಗೆಯಿಂದ ತೆಗೆದು, ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು ಇಟ್ಟು ಅವಳ ಉಡಿ ತುಂಬಿದ್ದಳು. ತನ್ನೂರು ಭಾಲ್ಕಿಯ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವವರುಂಟೇ? ಶಾಂತಾಬಾಯಿ ತುಂಬಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಗ್ಗಿ ಕಾಲು ಮುಟ್ಟಿ, "ಇನ್ನ ನನ್ನ ಋಣ ಮುಗೀತು ನೋಡ್ರಿ ವೈನೀ" ಎಂದಿದ್ದಳು. ಅದು ದೊಡ್ಡ ಮಾತೆಂದು ಈರಮ್ಮನಿಗೆ ಅನಿಸಲಿಲ್ಲ. ಹಾಲು ಉಕ್ಕುವ ವಾಸನೆ ಬಂತು. ಒಳಗೆ ಹೋದಳು. ಹಾಲನ್ನು ಇಳಿಸಿ ಬರುವಷ್ಟರಲ್ಲಿ ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು.

ಮರುದಿನ ಹಳಿಯ ಕಲ್ಲುಗಳ ಸಂದಿನಲ್ಲಿ ಗುಬ್ಬಿಗಳು ಅಕ್ಕಿ ಹೆಕ್ಕುತ್ತಿದ್ದವೆಂದು ಚನ್ನಿ ಬಂದು ಹೇಳಿದ್ದಳು. ಗುಬ್ಬಿಗಳಿಗೆ ಯಾರು ಹಾಕಿದರು ಆಯೀ, ಎಂದು ಕೇಳಿದ್ದಳು.

"ನೀವು ಕನ್ನಡದವರಾ?"

ಈರಮ್ಮನ ಕೈಯಿಂದ ಸೌಟು ಜಾರಿತು. ಚಾಪೆಯ ಮೇಲಿನ ಹೆಂಗಸು ಮಾತಾಡಿದ್ದಳು. ಬೆಳಗಿನಿಂದ ಮರಾಠಿಯಲ್ಲಿ ಏನು ಕೇಳಿದರೂ ಬಾಯಿ ಬಿಡದವಳು. ಈರಮ್ಮ ತನಗೆ ತಾನೇ ಗೊಣಗಿಕೊಂಡದ್ದು ಕೇಳಿರಬೇಕು. "ಹೌದವ್ವ, ನಾವು ಭಾಲ್ಕಿ ಕಡಿಯವರು. ನೀ ಯಾವೂರಾಕಿ?" ಹೆಸರು ಚಂಪಾ. ತವರು ಕುಂದಾಪುರದ ಹತ್ತಿರ. ಆದರೆ ಅಪ್ಪ ಅಮ್ಮ ಹೋದ ಮೇಲೆ ತವರೆಂದರೆ ಅಣ್ಣ ಕಿಟ್ಟಣ್ಣ, ನಾಶಿಕ ರೋಡ್ ಸ್ಟೇಶನ್ನಿನ ಎದುರು ಅವನದು ಹೋಟೆಲು. ಗಂಡನ ಮನೆ ಔರಂಗಾಬಾದು, ಅಲ್ಲಿಯೂ ಹೋಟೆಲೇ. ಅವಳ ಕನ್ನಡ ಈರಮ್ಮನಿಗೆ ಪುಸ್ತಕದಂತೆ ಕೇಳಿಸಿತು, ಮಡಚಿಟ್ಟ ಬಟ್ಟೆಯಂತೆ. ತಾಯ್ನುಡಿ ಕೇಳಿದರೆ ಬಾಯಿ ಬಿಡುವವಳು ಇನ್ನೂ ಪೂರ್ತಿ ಹೊರಟುಹೋಗಿಲ್ಲ ಎನಿಸಿ, ಆ ಸಂತೋಷದ ಭರದಲ್ಲಿಯೇ, ಈರಮ್ಮ ಮುಂಬಾಗಿಲಿಗೆ ಹೋಗಿ ದೇವದಾಸನನ್ನು ಕೂಗಿ ಕರೆದು ಅಣ್ಣನ ಹೆಸರು, ಹೋಟೆಲು, ಎಲ್ಲ ಹೇಳಿ ಕಳಿಸಿದಳು. ತನ್ನ ಗಂಡ ಕಂಟ್ರೋಲ್ ಆಫೀಸಿಗೆ ಫೋನು ಮಾಡುತ್ತಾರೆ, ಅವರು ಮನಮಾಡಿಗೆ, ಮನಮಾಡಿನವರು ನಾಶಿಕಕ್ಕೆ. ಅಲ್ಲಿಯ ಯಾರೋ ಒಬ್ಬ ಹಮಾಲ ರಸ್ತೆ ದಾಟಿ ಹೋಟೆಲಿಗೆ ಹೋಗಿ ನಿಮ್ಮ ತಂಗಿ ಇಂಥಲ್ಲಿದ್ದಾಳೆ ಎನ್ನುತ್ತಾನೆ. ರೈಲ್ವೆಯವರ ಕೈ ಉದ್ದ. ಇದೆಲ್ಲ ಎಷ್ಟು ಬೇಗ ನಡೆದುಹೋಯಿತೆಂದರೆ, ತಿರುಗಿ ಬಂದು ಕೂತಾಗಲೇ ಅವಳಿಗೆ ಚಂಪಾಳ ಮುಖ ಕಂಡದ್ದು.

"ಅಣ್ಣನಿಗೆ ಹೇಳಿಕಳಿಸಿದ್ರಾ?"

"ಹೌದವ್ವ. ನಿನ್ನ ಮಂದಿ ನಿನಗ ಬ್ಯಾಡೇನು?"

ಚಂಪಾ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. "ಎರಡು ಸಲ ಅವನ ಮನೆಗೆ ಓಡಿ ಹೋಗಿದ್ದೆ ಅಕ್ಕ. ಎರಡು ಸಲವೂ ಅವನೇ ಕರ್ಕೊಂಡು ಬಂದು ಔರಂಗಾಬಾದಲ್ಲಿ ಬಿಟ್ಟು ಹೋದ. ತನ್ನ ಹೋಟೆಲಿನ ಮೈಸೂರುಪಾಕು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಬರ್ತಾನೆ, ಅವರಿಗೆ ಕೊಡಲಿಕ್ಕೆ. ತಪ್ಪು ಕಾಣಿಕೆಯ ಹಾಗೆ. ಬೆಳಿಗ್ಗೆ ನಾಶಿಕದ ಕಡೆಯ, ಮನಮಾಡಿನ ಗಾಡಿ ಬಂದು ನಿಂತಾಗ ಏಳಬೇಕು ಅಂತ ಮಾಡಿದೆ. ಆ ಡಬ್ಬಿ ನೆನಪಾಯ್ತು."

ಅಳ್ಳು ಸೀದು ಹೊಗೆ ಎದ್ದಿತು. ಈರಮ್ಮ ಬಾಣಲೆಯನ್ನು ಇಳಿಸಿದಳು. ಗಂಡನ ಮನೆಯಲ್ಲಿ ಏನು ಮಾಡುತ್ತಾರೆಂದು ಅವಳು ಕೇಳಲಿಲ್ಲ. ನೀರು ಕುಡಿಯಲು ಚಂಪಾ ತಂಬಿಗೆ ಎತ್ತಿದಾಗ ರವಿಕೆಯ ತೋಳು ಮೇಲೆ ಸರಿದು ಕಂಡದ್ದನ್ನು ಕಂಡಿದ್ದಳು. ಅವಳು ಅದನ್ನು ಕೆಳಗೆ ಎಳೆದುಕೊಂಡದ್ದನ್ನೂ ಕಂಡಿದ್ದಳು. ಹಾಗಾದರೆ ನಾನು ಮಾಡಿದ್ದು ಏನು? ಹೋದ ವರ್ಷ ಕೂಡ ಸುದ್ದಿ ಹೋಗಿದೆ ಎಂದು ನಗುತ್ತ ಹೇಳಿದವಳು ನಾನೇ. ಗಂಡ ಬರುತ್ತಾನೆ ಎಂದರೆ ಹೆಂಗಸು ನಗಬೇಕು ಎಂದುಕೊಂಡವಳು. ನನ್ನ ಗಂಡ ಒಳ್ಳೆಯವನಾದದ್ದರಿಂದ ಎಲ್ಲರ ಗಂಡಂದಿರೂ ಊಟದ ಹೊತ್ತಿಗೆ ಚಪ್ಪಲಿ ಬಿಟ್ಟು ಒಳಗೆ ಬರುವವರೇ ಎಂದು ತಿಳಿದವಳು.

ಸ್ವಲ್ಪ ಹೊತ್ತಿಗೆ ಚಂಪಾ ಎದ್ದಳು. ಈರಮ್ಮನೂ ಎದ್ದಳು. "ಹಿತ್ತಲಿಗೆ ಹೋಗಬೇಕಿತ್ತು," ಎಂದಳು ಚಂಪಾ. ಕ್ವಾರ್ಟರ್ಸಿನ ಪಾಯಖಾನೆ ಅಂಗಳದ ಕೊನೆಗೆ, ಅದರ ಹಿಂದೆ ಹಳಿಯಡಿಯಿಂದ ತೆಗೆದ ಹಳೆಯ ಮರದ ಸ್ಲೀಪರುಗಳನ್ನು ಹುಗಿದು ಮಾಡಿದ ಬೇಲಿ, ಬೇಲಿಯಾಚೆ ಹಳಿ. ಈರಮ್ಮ ತಂಬಿಗೆ ಹಿಡಿದು ಜೊತೆಗೆ ಹೋದಳು. ತಗಡಿನ ಬಾಗಿಲು ಪೂರ್ತಿ ಹಾಕಿಕೊಳ್ಳಲು ಬಿಡದೆ ಅಂಚಿನಲ್ಲಿ ಕಾಲಿಟ್ಟು ನಿಂತಳು. ಒಳಗಿನಿಂದ ದನಿ ಬಂತು: "ನಾನು ಓಡಿ ಹೋಗೋದಿಲ್ಲ ಅಕ್ಕ. ಸ್ವಲ್ಪ ಆಚೆ ನಿಲ್ತೀರಾ?" ಈರಮ್ಮನ ಮುಖ ಉರಿಯಿತು. ಬಾಣಂತನದಲ್ಲಿ ಅತ್ತೆ ಹೀಗೆಯೇ ಬಾಗಿಲಲ್ಲಿ ನಿಂತಿದ್ದದ್ದು, ತಾನು ಅವಮಾನದಿಂದ ಕಲ್ಲಾಗಿ ಕೂತಿದ್ದದ್ದು ನೆನಪಾಯಿತು. ಕಾಲು ತೆಗೆಯಬೇಕು ಎಂದುಕೊಂಡಳು. ತೆಗೆಯಲಿಲ್ಲ. ಬೇರೆ ಕಡೆ ಮುಖ ಮಾಡಿ, "ನಂಗ ಅಂಜಿಕಿ ಬರ್ತದವ್ವ, ಸುಮ್ಮಕಿರು," ಎಂದಳು. ಒಳಗೆ ನೀರಿನ ಸದ್ದಾಯಿತು. ಹೊರಗೆ ಬಂದ ಚಂಪಾ ಅವಳ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದಳು. "ಅಂಜಿಕೆ ನಿಮಗಾ?" ಎಂದಳು.

ಬೇಲಿಯ ಆಚೆ, ತಿರುವಿನ ಬಳಿ, ಹೊಸ ಹಲಗೆ ಕಾಣುತ್ತಿತ್ತು. ಇಲ್ಲಿ ಸೀಟಿ ಊದಬೇಕೆಂದು ಡ್ರೈವರನಿಗೆ ಹೇಳುವ ಹಲಗೆ. ಶಾಂತಾಬಾಯಿಯ ನಂತರ ಬಂದದ್ದು ಇವೆಲ್ಲ. ಅಂದು ಅವಳ ಮೇಲೆ ಹರಿದ ಗಾಡಿ ಸ್ಟೇಶನ್ನಿಗೆ ಬಂದು ನಿಂತಾಗ ಡ್ರೈವರ್, ತಲೆ ನೆರೆತವನು, ಇಳಿದು ಬೆಂಚಿನ ಮೇಲೆ ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತಿದ್ದ. ಈರಮ್ಮ ಕಳಿಸಿದ ಚಹಾದ ಬಟ್ಟಲನ್ನು ಹಿಡಿಯಲು ಆ ಕೈಗಳಿಗೆ ಆಗಲಿಲ್ಲವಂತೆ, ಫಾಯರಮನ್ ಮಗುವಿಗೆ ಕುಡಿಸುವಂತೆ ಕುಡಿಸಿದನಂತೆ. ಬದಲಿ ಡ್ರೈವರ್ ಸಿಗುವುದು ಔರಂಗಾಬಾದಿನಲ್ಲಿಯೇ, ಆದ್ದರಿಂದ ಅವನೇ ಎದ್ದು ಗಾಡಿಯನ್ನು ನಡೆಸಿಕೊಂಡು ಹೋದ. ಗಾರ್ಡ್ ಚೀಟಿ ಬರೆದು ಕೊಟ್ಟ. ಹಳಿ ನೋಡುವ ಗ್ಯಾಂಗಮನ್ ಒಬ್ಬ ನಾಯಿ ಕಾಗೆ ಬಾರದಂತೆ ಕೋಲು ಹಿಡಿದು, ಮನಮಾಡಿನಿಂದ ಪೊಲೀಸರು ಬರುವ ತನಕ ಬಿಸಿಲಲ್ಲಿ ನಿಂತ. ಅವನಿಗೆ ಕಳಿಸಿದ ರೊಟ್ಟಿ ಹಾಗೆಯೇ ವಾಪಸು ಬಂತು. ಆಮೇಲೆ ಸಾಹೇಬರುಗಳು ಟ್ರಾಲಿಯಲ್ಲಿ ಬಂದರು. ತಿರುವಿನ ಜಾಲಿ ಕಡಿಸಿದರು, ಬೇಲಿ ಹಾಕಿಸಿದರು, ಹಲಗೆ ನೆಟ್ಟರು. ಅವರಲ್ಲೊಬ್ಬರು, ಕನ್ನಡಕದವರು, ಮನೆಯ ಕಟ್ಟೆಯ ಮೇಲೆ ಕೂತು ಬಹಳ ಮೆತ್ತಗೆ ಈರಮ್ಮನನ್ನು ಕೇಳಿದರು, ಬಾಯೀ, ಅವಳಿಗೆ ನೀವು ಏನು ಕೊಟ್ಟಿದ್ದಿರಿ? ರೊಟ್ಟಿ, ಎಂದಳು ಈರಮ್ಮ. ಮತ್ತೇನು? ನೀರು. ಹಸಿರು ಖಣ ಪೊಲೀಸರ ಗಂಟಿನಲ್ಲಿತ್ತು. ಪಕ್ಕದಲ್ಲಿ ನಿಂತಿದ್ದ ವಿಶ್ವನಾಥಪ್ಪನವರು ಆ ಖಣವನ್ನು ಗುರುತಿಸಿದ್ದರು. ಅವರೇ ಅದನ್ನು ಭಾಲ್ಕಿಯಿಂದ ಹೊತ್ತು ತಂದದ್ದು. ಅವರು ಬಾಯಿ ಬಿಡಲಿಲ್ಲ. ಅಂದಿನಿಂದ ಇಂದಿನವರೆಗೂ ಬಿಟ್ಟಿಲ್ಲ. ಬೇಲಿ ಹಾಕಿಸಿದವರಿಗೆ ಗೊತ್ತಿಲ್ಲ, ಬೇಲಿ ಬೇಕಾದದ್ದು ಹಿತ್ತಲಿಗಲ್ಲ, ನನ್ನ ಕೈಗೆ.

ಮಧ್ಯಾಹ್ನ ವಿಶ್ವನಾಥಪ್ಪನವರು ಊಟಕ್ಕೆ ಬಂದರು. ಹೊರಗೇ ನಿಂತು ಕೆಮ್ಮಿ, ಚಂಪಾ ಗೋಡೆಯ ಕಡೆ ತಿರುಗಿ ಕೂತ ಮೇಲೆ ಒಳಗೆ ಬಂದು, ಅಡಿಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು: "ಸುದ್ದಿ ಮುಟ್ಟ್ಯದ. ಅಣ್ಣ ಹೊಂಟಾನಂತ. ಸಂಜಿ ಪ್ಯಾಸೆಂಜರಿಗಿ ಇಳೀತಾನ. ಅಲ್ಲೀತನಕ ನೋಡ್ಕೊ."

"ನೋಡ್ಕೊ ಅಂದ್ರ ಹ್ಯಾಂಗ್ರಿ? ಕಣ್ಣು ಮಿಟಕಸಬಾರದೇನು?"

"ಮಿಟಕಸು. ಎರಡೂ ಕೂಡೇ ಮಿಟಕಸಬ್ಯಾಡ."

ಅವಳು ನಗಲಿಲ್ಲ. ಅವರೂ ನಗುವ ಸಲುವಾಗಿ ಹೇಳಿರಲಿಲ್ಲ. ರೊಟ್ಟಿಯನ್ನು ಮುರಿಯುತ್ತ, "ಎಲ್ಲಾ ಗಾಡಿಗೂ ಕಾಶನ್ ಕೊಡ್ಲಕತ್ತೀನಿ," ಎಂದರು. ಹಳಿ ಸಡಿಲಾದ ಕಡೆ ನಿಧಾನ ಹೋಗು ಎಂದು ಡ್ರೈವರನ ಕೈಗೆ ಕೊಡುವ ಚೀಟಿ ಅದು. ಇಲ್ಲಿಯ ಹಳಿ ಗಟ್ಟಿಯಾಗಿತ್ತು. "ಏನಂತ ಬರದೀರಿ?" "ದನ ಮೇಯ್ಲಕತ್ತಾವಂತ ಬರದೀನಿ. ಮನಶ್ಯಾರ ಮನಸಿಗೆ ಕಾಶನ್ ಇಲ್ಲಲ್ಲ ನಮ್ಮ ಪುಸ್ತಕದಾಗ." ಮೇಲಿನವರು ಕೇಳಿದರೆ ಯಾವ ದನ ತೋರಿಸುತ್ತೀರಿ ಎಂದು ಅವಳು ಕೇಳಬೇಕೆಂದಿದ್ದಳು, ಕಣ್ಣು ನಡುಮನೆಯ ಕಡೆಗೇ ಇದ್ದದ್ದರಿಂದ ಮಾತು ಮರೆತುಹೋಯಿತು. "ಅಣ್ಣನ ಕೈಯಾಗ ಕೊಡಬ್ಯಾಡ್ರಿ," ಎಂದಳು ಒಮ್ಮೆಲೇ. "ಅವ ಅಕಿನ್ನ ಅಲ್ಲೇ ಒಯ್ದು ಬಿಡ್ತಾನ." ವಿಶ್ವನಾಥಪ್ಪನವರು ಕೈ ತೊಳೆದುಕೊಂಡರು. "ಮಂದಿ ಬಂದ್ರ ಒಪ್ಪಿಸೋದು ನನ್ನ ಕೆಲಸ ಈರಮ್ಮ. ಇಟಗೊಳ್ಳೋದು ನನ್ನ ಕೈಯಾಗಿಲ್ಲ." ಮೂಲೆಯಲ್ಲಿದ್ದ ಟೋಪಿ ಹಾಕಿಕೊಂಡು ಸ್ಟೇಶನ್ನಿಗೆ ಹೊರಟರು.

ಮಳೆ ಬಂದು ನಿಂತಿತು. ಚನ್ನಿ ಜೋಕಾಲಿ ಬಿಟ್ಟು ಒಳಗೆ ಓಡಿ ಬಂದು ಚಂಪಾಳ ಎದುರು ನಿಂತಳು. ನಾಲ್ಕು ತುಂಬಿದ ಅವಳಿಗೆ ಕನ್ನಡ ಎಲ್ಲ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮಾತ್ರ ಮರಾಠಿ. "ಆಯೀ, ಹೀ ಕೋಣ್?" ಇವಳು ಯಾರು ಎಂದು ಕೇಳಿದಳು. "ಅತ್ತಿ ಅನ್ನವ್ವ," ಎಂದಳು ಈರಮ್ಮ, ಎನ್ನುತ್ತಲೇ ಮಗುವಿನ ರಟ್ಟೆ ಹಿಡಿದು ತನ್ನ ಕಡೆ ಎಳೆದುಕೊಂಡಳು. ಎಳೆದದ್ದು ಹೆಚ್ಚಾಯಿತು, ಮಗು ಮುಖ ಸಿಂಡರಿಸಿತು. ಚಂಪಾ ಮುಂದಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಹೊರಡಬೇಕೆಂದು ಕೂತವಳು ಜೊತೆಗೆ ಯಾರನ್ನಾದರೂ ಒಯ್ದರೆ? ಈ ಯೋಚನೆ ಎಲ್ಲಿಂದ ಬಂತು ಎಂದು ಈರಮ್ಮನಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಆದರೂ ಮಗುವನ್ನು ಬಿಡಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಗಾಡಿಯ ಸದ್ದು. ಗೋಡೆಯ ಗೂಟದಲ್ಲಿದ್ದ ಜರಡಿ ಸಣ್ಣಗೆ ನಡುಗತೊಡಗಿತು, ಆಮೇಲೆ ತಂಬಿಗೆಯ ನೀರು. ಸೀಟಿ. ಹಲಗೆಯ ಬಳಿ ಶುರುವಾದದ್ದು ನಿಲ್ಲಲೇ ಇಲ್ಲ. ಚೀಟಿ ಕೈಯಲ್ಲಿ ಹಿಡಿದ ಆ ಡ್ರೈವರ್ ಯಾರೋ, ಕಾಣದ ದನಗಳನ್ನು ಅಟ್ಟುವಂತೆ, ಅಂಗಲಾಚುವಂತೆ, ತಿರುವಿನ ಉದ್ದಕ್ಕೂ ಊದುತ್ತಲೇ ಇದ್ದ. ಚಂಪಾಳ ಕಣ್ಣು ಹಿತ್ತಲ ಬಾಗಿಲ ಮೇಲಿತ್ತು. ಈರಮ್ಮ ಒಂದು ಕೈಯಲ್ಲಿ ಮಗುವನ್ನು ಅವಚಿಕೊಂಡು, ಕೂತಲ್ಲಿಂದಲೇ ತೆವಳಿ ಹೋಗಿ ಇನ್ನೊಂದು ಕೈಯಲ್ಲಿ ಅವಳ ಸೆರಗಿನ ತುದಿಯನ್ನು ಹಿಡಿದಳು. ಗೂಡ್ಸು ಡಬ್ಬಿಗಳು ಒಂದೊಂದಾಗಿ, ಆತುರವಿಲ್ಲದೆ, ಮನೆಯನ್ನು ಅಲುಗಿಸುತ್ತ ದಾಟಿದವು. ಸದ್ದು ಅಡಗಿದ ಮೇಲೂ ಅವಳ ಮುಷ್ಟಿ ಬಿಚ್ಚಲಿಲ್ಲ.

"ಇಷ್ಟು ಹೊತ್ತು ಯಾಕೆ ಊದಿದ?" ಎಂದಳು ಚಂಪಾ.

"ನಿನಗಾಗೇ ಊದ್ಯಾನ."

"ನನಗಾ?"

"ನಮ್ಮನಿಯವರು ಚೀಟಿ ಕೊಟ್ಟಾರ. ನಿಧಾನ ಹೋಗು, ಇಲ್ಲಿ ಒಬ್ಬಾಕಿ ಅದಾಳ ಅಂತ."

ಚೀಟಿಯಲ್ಲಿ ದನ ಎಂದು ಬರೆದಿದ್ದರೆಂದು ಅವಳು ಹೇಳಲಿಲ್ಲ. ಚಂಪಾ ಸೆರಗನ್ನು ಬಿಡಿಸಿಕೊಳ್ಳಲು ನೋಡಲಿಲ್ಲ. ಮುಖವನ್ನು ಮೊಣಕಾಲಿನಲ್ಲಿ ಹುದುಗಿಸಿದಳು. ಬೆನ್ನು ಮಾತ್ರ ಬಹಳ ಹೊತ್ತು ಅಲುಗಾಡುತ್ತಿತ್ತು. ಈರಮ್ಮ ಸಮಾಧಾನ ಹೇಳಲಿಲ್ಲ. ಹೇಳಿದರೆ ಆ ಅಳು ಮುಗಿದುಬಿಡುತ್ತದೇನೋ ಎಂದು ಹೆದರಿದಳು.

ಸಂಜೆಯ ಪ್ಯಾಸೆಂಜರು ಬಂತು. ಎದುರಿನ ಗಾಡಿ ದಾಟುವ ತನಕ ಅದು ಇಲ್ಲಿ ನಿಲ್ಲಬೇಕಿತ್ತು. ದೇವದಾಸನ ಹಿಂದೆ ಬೇವಿನ ಮರದ ಕೆಳಗೆ ಬಂದು ನಿಂತ ಗಂಡಸು ದಪ್ಪನೆಯವನು, ಬೆವರಿದವನು, ಅಂಗಿಯಿಂದ ಕರಿಬೇವಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ರಾಕ್ಷಸನಂಥವನೊಬ್ಬನನ್ನು ಈರಮ್ಮ ದಿನವಿಡೀ ಕಲ್ಪಿಸಿಕೊಂಡಿದ್ದಳು. ಇವನ ಕಣ್ಣುಗಳು ಅತ್ತು ಕೆಂಪಾಗಿದ್ದವು. ಕೈಯಲ್ಲಿ ದಾರ ಕಟ್ಟಿದ ಡಬ್ಬಿ.

"ನಿಮಗೆ ತುಂಬಾ ತೊಂದರೆ ಆಯ್ತು ಅಕ್ಕ," ಎಂದ ಕಿಟ್ಟಣ್ಣ. "ಎಂತ ಹೇಳಬೇಕೋ ಗೊತ್ತಾಗುದಿಲ್ಲ. ಗಾಡಿ ನಿಂತುಂಟು. ಇದರಲ್ಲೇ ಹೋದ್ರೆ ಊಟದ ಹೊತ್ತಿಗೆ ಔರಂಗಾಬಾದಲ್ಲಿರ್ತೇವೆ. ಏಳು ಚಂಪಾ. ನಾನು ಅವರ ಹತ್ರ ಮಾತಾಡ್ತೇನೆ."

ಚಂಪಾ ಡಬ್ಬಿಯನ್ನು ನೋಡಿದಳು. ಅಳಲಿಲ್ಲ, ತಕರಾರು ಮಾಡಲಿಲ್ಲ. ಎದ್ದು ಮುಖ ಒರೆಸಿಕೊಂಡು, ಸಡಿಲವಾದ ತುರುಬನ್ನು ಕಟ್ಟಿಕೊಂಡು, ಈರಮ್ಮನ ಕಡೆ ತಿರುಗಿ ನಕ್ಕಳು. ಶಾಂತಾಬಾಯಿಯ ಅದೇ ನಗೆ. ಹಾಲಿನ ವಾಸನೆ ಕೂಡ ಬಂದಂತಾಯಿತು, ಒಲೆಯ ಮೇಲೆ ಹಾಲಿರಲಿಲ್ಲ. ಚಂಪಾ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಒಡ್ಡಿದಳು. "ಕುಂಕುಮ ಕೊಡಿ ಅಕ್ಕ. ಮಡಿಲು ತುಂಬಿಸಿ ಕಳಿಸಿ. ಒಂದು ಹಿಡಿ ಅಕ್ಕಿ ಸಾಕು."

"ಇಲ್ಲ," ಎಂದಳು ಈರಮ್ಮ.

ಎಲ್ಲರೂ ಅವಳನ್ನು ನೋಡಿದರು. ಪ್ಲಾಟ್‌ಫಾರ್ಮಿನಿಂದ ಒಪ್ಪಿಸುವ ಕೆಲಸಕ್ಕೆಂದು ಬಂದಿದ್ದ ವಿಶ್ವನಾಥಪ್ಪನವರು ಜೋಕಾಲಿಯ ಬಳಿ ನಿಂತುಬಿಟ್ಟರು. ಅವಳು ಪರಗಂಡಸಿನ ಎದುರು ನಿಂತು ಹೀಗೆ ಮಾತಾಡಿದವಳಲ್ಲ. "ಇವತ್ತ ಅಮಾಸಿ ಅದರಿ. ಅಮಾಸಿ ದಿನ ನಾವು ಉಡಿ ತುಂಬಂಗಿಲ್ಲ. ಉಡಿ ತುಂಬದೆ ಮುತ್ತೈದಿನ್ನ ಹೊಸ್ತಿಲಾ ದಾಟಸಂಗಿಲ್ಲ."

ಕಿಟ್ಟಣ್ಣ ಬಾಯಿ ತೆರೆದು ಆಕಾಶದ ಕಡೆ ನೋಡಿದ. ಮೋಡ ಹರಿದ ಕಡೆ, ಬೇವಿನ ಕೊಂಬೆಯ ಮೇಲೆ, ತದಿಗೆಯ ಚಂದ್ರ ಸ್ಪಷ್ಟವಾಗಿ ಕೂತಿದ್ದ. ದೇವದಾಸನೂ ನೋಡಿದ. ಈರಮ್ಮನೂ ನೋಡಿ, ಮುಖ ಕೆಂಪಾಗಿ, ಗಂಡನ ಕಡೆ ತಿರುಗಿದಳು. "ನೀವರ ಹೇಳ್ರಿ. ಇವತ್ತ ಅಮಾಸಿ ಹೌದಲ್ರಿ?"

ವಿಶ್ವನಾಥಪ್ಪನವರು ಚಂದ್ರನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಒಡ್ಡಿಕೊಂಡೇ ಇದ್ದ ಆ ಬರಿ ಸೆರಗನ್ನು ನೋಡಿದರು. "ಹೌದು," ಎಂದರು. "ನಮ್ಮ ಭಾಲ್ಕಿ ಪಂಚಾಂಗದಾಗ ಇವತ್ತೇ ಅಮಾಸಿ."

"ನಾನು ಅವರಿಗೆ ಮಾತು ಕೊಟ್ಟಿದ್ದೇನೆ ಸ್ವಾಮಿ," ಎಂದ ಕಿಟ್ಟಣ್ಣ, ಬೇಡುವಂತೆ. "ನಾಲ್ಕು ಜನ ಏನಂತಾರೆ? ನಾವು ಹೋಟೆಲಿನವರು, ನಮಗೂ ಮರ್ಯಾದೆ ಉಂಟಲ್ವಾ?"

"ನಾಡಿದ್ದು ಪಂಚಮಿರಿ ಅಣ್ಣಾರ," ಎಂದಳು ಈರಮ್ಮ. "ನಮ್ಮ ಕಡಿ ಪಂಚಮಿಗಿ ಅಣ್ಣ ಕರೀಲಾಕ ಬರ್ತಾನ. ಬಿಡ್ಲಾಕ ಹೋಗೋ ಅಣ್ಣನ್ನ ನಾ ಕಂಡಿಲ್ಲ." ನಿಲ್ಲಿಸಿದರೆ ಮತ್ತೆ ಶುರುಮಾಡಲು ಆಗುವುದಿಲ್ಲವೆಂದು ಗೊತ್ತಿತ್ತು. "ಅಕಿ ಮುಂಜಾನಿ ಎರಡು ಗಾಡಿ ಬಿಟ್ಟಾಳ. ಔರಂಗಾಬಾದಿಂದು ಬಿಟ್ಟಳು, ಅದು ನಂಗ ತಿಳೀತದ. ನಾಶಿಕದ ಗಾಡಿನೂ ಬಿಟ್ಟಾಳರಿ. ಅದು ನಿಮ್ಮ ಊರ ಗಾಡಿ. ಅದನ್ಯಾಕ ಬಿಟ್ಟಳು, ಕೇಳ್ರಿ ಅಕಿನ್ನ."

ಕಿಟ್ಟಣ್ಣ ಕೇಳಲಿಲ್ಲ. ತಂಗಿಯ ಮುಖದ ಕಡೆ ನೋಡಲು ಹೋದವನು ನೋಡದೆ, ಕೈಯಲ್ಲಿದ್ದ ಡಬ್ಬಿಯನ್ನು ನೋಡಿದ. ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳ ತುದಿ ಬಿಳಿಚಿಕೊಂಡಿತ್ತು. ಎದುರಿನ ಗಾಡಿ ಬಂದು ದಾಟಿತು. ವಿಶ್ವನಾಥಪ್ಪನವರು ಸ್ಟೇಶನ್ನಿಗೆ ಹೋದರು, ದೇವದಾಸ ದೀಪ ಹಿಡಿದು ಅವರ ಹಿಂದೆ. ಪ್ಯಾಸೆಂಜರು ಕೂಗಿತು. ಈಗಲೂ ಓಡಿದರೆ ಸಿಗುತ್ತಿತ್ತು. ಚಂಪಾ ಒಡ್ಡಿದ ಸೆರಗನ್ನು ಹಾಗೆಯೇ ಹಿಡಿದು, ಹೊಸ್ತಿಲ ಒಳಗೆ ಕುಸಿದು ಕೂತಳು. ಅವಳ ಕಣ್ಣು ಮತ್ತೆ ಹಿತ್ತಲ ಬಾಗಿಲ ಕಡೆ ಹೊರಳಿತು. ಕಪಾಟಿನಲ್ಲಿ ಅಕ್ಕಿ ಇತ್ತು, ಕೊಬ್ಬರಿ ಇತ್ತು. ಈರಮ್ಮ ಯಾವುದನ್ನೂ ಮುಟ್ಟಲಿಲ್ಲ. ಸೊಂಟದ ಮೇಲೆ ನಿದ್ದೆಗಣ್ಣಿನಲ್ಲಿ ಜೋತುಬಿದ್ದಿದ್ದ ಚನ್ನಿಯನ್ನು, ಬೆಳಗಿನಿಂದ ಒಂದು ಗಳಿಗೆಯೂ ಆ ಹೆಂಗಸಿನ ಕೈಗೆ ಸಿಗಗೊಡದಿದ್ದವಳನ್ನು, ಎತ್ತಿ ಆ ಸೆರಗಿನಲ್ಲಿ ಇಟ್ಟುಬಿಟ್ಟಳು. ಇಟ್ಟ ಮೇಲೆ ಅವಳ ಕೈಗಳು ಗಾಳಿಯಲ್ಲಿ ಹಾಗೆಯೇ ನಿಂತವು. ಇವಳನ್ನು ಕಟ್ಟಿಹಾಕಲು ನನ್ನ ಮಗುವನ್ನು ಹಗ್ಗ ಮಾಡಿದೆನೇ, ಎಂದುಕೊಂಡಳು. ಶಿ, ಎಂಥ ತಾಯಿ. ಮಗು ಒಂದು ಸಲ ಕಣ್ಣು ಬಿಟ್ಟು, "ಅತ್ತಿ," ಎಂದು, ಮುಖವನ್ನು ಚಂಪಾಳ ಹೊಟ್ಟೆಗೆ ಒತ್ತಿ ಬೆಚ್ಚಗೆ ಮಾಡಿಕೊಂಡಿತು. ಚಂಪಾಳ ಕೈಗಳು ಬಹಳ ತಡವಾಗಿ, ಎಲ್ಲಿಡಬೇಕೆಂದು ತಿಳಿಯದವರ ಕೈಗಳಂತೆ, ಮಗುವಿನ ಬೆನ್ನಿನ ಮೇಲೆ ಬಂದವು.

"ಉಡಿ ಹಂಗೇ ಇರ್ತದವ್ವ," ಎಂದಳು ಈರಮ್ಮ. "ಬರೂ ವರ್ಷ ಬಂದು ತುಂಬಿಸ್ಕೊಂಡು ಹೋಗು. ಅದರ ಮುಂದಿನ ವರ್ಷ ಬಂದರೂ ಆಯ್ತು. ನಾ ಇಟ್ಟಿರ್ತೀನಿ."

ಗಾಡಿಯ ಹಿಂದಿನ ಕೆಂಪು ದೀಪ ಔರಂಗಾಬಾದಿನ ಕಡೆ ಸಣ್ಣದಾಗುತ್ತ ಹೋಯಿತು. ಕಿಟ್ಟಣ್ಣ ಕಟ್ಟೆಯ ಮೇಲೆ ಕೂತು, ಬಹಳ ಹೊತ್ತು ಗಂಟು ಬಿಚ್ಚಲು ನೋಡಿ, ಕೊನೆಗೆ ಹಲ್ಲಿನಿಂದ ದಾರ ಹರಿದ. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. "ಮಗು ತಿಂತದಾ?" ಎಂದು ಯಾರನ್ನೂ ನೋಡದೆ ಕೇಳಿದ. "ಬೆಳಗಿನ ಗಾಡಿಗೆ ಹೋಗುವಾ ಚಂಪಾ. ಮನೆಗೆ. ನಮ್ಮ ಮನೆಗೆ." ಚಂಪಾ ಏಳಲಿಲ್ಲ; ಮಡಿಲಲ್ಲಿ ಎಚ್ಚರಗೊಂಡ ಮಗುವಿನ ಕೈಗೆ ಒಂದು ತುಂಡು ಇಟ್ಟಳು.

ಸಿಗಡಿಯ ಕೆಂಡ ಬೂದಿಯಾಗಿತ್ತು. ನಾಲ್ಕು ಜನರಿಗೆ ರೊಟ್ಟಿ ಬಡಿಯಬೇಕಿತ್ತು, ರಾತ್ರಿ ಪೂರ್ತಿ ಬಾಕಿ ಇತ್ತು, ಹಿತ್ತಲ ಚಿಲಕ ಇನ್ನೂ ಸಡಿಲವಾಗಿಯೇ ಇತ್ತು. ಈರಮ್ಮ ಸಿಗಡಿಯನ್ನು ಹೊಸ್ತಿಲಿಂದ ಎತ್ತಿ ಅಡಿಗೆಮನೆಗೆ ಒಯ್ದಳು. ಅಲ್ಲಿಂದ ನಡುಮನೆ ಕಾಣುವುದಿಲ್ಲ. ಬೆಳಗಿನಿಂದ ಮೊದಲ ಸಲ ಅವರಿಗೆ ಬೆನ್ನು ಮಾಡಿ ಕೂತು, ಊದುಗೊಳವೆಯನ್ನು ಬಾಯಿಗಿಟ್ಟುಕೊಂಡಳು. ಊದಲಿಲ್ಲ. ಉಸಿರು ಹಿಡಿದು, ಹಿಂದಿನಿಂದ, ಚಂಪಾಳ ಮಡಿಲಲ್ಲಿ ಮಗು ಮೈಸೂರುಪಾಕನ್ನು ಕಡಿಯುವ ಸದ್ದಿಗೆ ಕಿವಿಗೊಟ್ಟಳು. ಅದು ಕೇಳಿಸಿತು. ಮತ್ತೊಮ್ಮೆ ಕೇಳಿಸಿತು. ಆಗ ಊದಿದಳು.